ಎಲ್ಲ ನಾಬ್ ಐದಕ್ಕೆ ಇಟ್ಟು ಆಂಪ್ ಹೋಲಿಸಬೇಡಿ

ನಿನ್ನೆ ರಾತ್ರಿ ಒಂದು ವಿಡಿಯೊ ನೋಡಿದೆ. ಬೆಳಗಾದರೂ ಸಿಟ್ಟು ಇಳಿದಿಲ್ಲ, ಅದಕ್ಕೇ ಬರೀತಿದ್ದೇನೆ. ನಾಲ್ಕು ಟ್ಯೂಬ್ ಆಂಪ್, ಅಂದರೆ ಗಾಜಿನ ವಾಲ್ವ್‌ಗಳಿಂದ ಗಿಟಾರಿನ ದನಿ ಹಿಗ್ಗಿಸುವ ಆಂಪ್ಲಿಫೈಯರ್, ಸಾಲಾಗಿ ಇಟ್ಟಿದ್ದಾರೆ. ಗಿಟಾರ್ ಒಂದೇ, ಮೈಕ್ ಒಂದೇ. ನಾಲ್ಕರಲ್ಲೂ ಎಲ್ಲ ನಾಬ್ ಐದಕ್ಕೆ. ಎಲ್ಲಕ್ಕೂ ಒಂದೇ ಸೆಟ್ಟಿಂಗ್, ಆದ್ದರಿಂದ ಇದು ನ್ಯಾಯವಾದ ಹೋಲಿಕೆ ಅಂತ ಶುರು. ಕೊನೆಗೆ ತೀರ್ಪು. ಫೆಂಡರ್ ಟ್ವಿನ್ ರಿವರ್ಬ್‌ನಲ್ಲಿ ಜೀವ ಇಲ್ಲವಂತೆ. ವಾಕ್ಸ್ ಎಸಿ30 ಮಂಕಂತೆ. ಮಾರ್ಷಲ್ ಜೆಟಿಎಂ45 ಕಿವಿಗೆ ಚುಚ್ಚುತ್ತಂತೆ. ಎಲ್ಲ ಥರದ ಸಂಗೀತಕ್ಕೂ ಒಗ್ಗೋದು ಮೂರು ಚಾನೆಲ್ಲಿನ (ಬೇರೆ ಬೇರೆ ದನಿಗೆ ಬೇರೆ ಬೇರೆ ದಾರಿ ಇರುವ) ಆ ಹೊಸ ಆಂಪ್ ಒಂದೇ ಅಂತೆ.

ನಾನು ನೋಡಿ ಸುಮ್ನಿರ್ತಿದ್ದೆ. ಆದರೆ ನನ್ನ ಜೊತೆ ನುಡಿಸುವ ಹುಡುಗನೂ ಅದನ್ನೇ ನೋಡಿದ್ದಾನೆ. ಬೆಳಗ್ಗೆ ಎದ್ದ ತಕ್ಷಣ ಅವನ ಮೆಸೇಜ್: "ಅಣ್ಣಾ, ನನ್ನ ಎಸಿ30 ಮಾರಿಬಿಡ್ತೀನಿ. ಅದರಲ್ಲಿ ಒಂದೇ ಥರದ ಟೋನ್ ಬರೋದು ಅಲ್ವಾ?" ಹೊಟ್ಟೆ ಉರಿದುಹೋಯ್ತು. ಎರಡು ವರ್ಷ ದುಡ್ಡು ಕೂಡಿಟ್ಟು ತಗೊಂಡ ಆಂಪ್ ಅದು.

ಐದು ಅಂದರೆ ಏನು ಹೇಳಿ? ನಾಬ್ ಪಕ್ಕ ಅಚ್ಚು ಹಾಕಿದ ಒಂದು ಗುರುತು. ಒಂದು ಆಂಪಿನ ಐದಕ್ಕೂ ಇನ್ನೊಂದರ ಐದಕ್ಕೂ ಯಾವ ಸಂಬಂಧವೂ ಇಲ್ಲ.

ಟ್ವಿನ್ ರಿವರ್ಬ್ ತಗೊಳ್ಳಿ. 85 ವ್ಯಾಟ್, ನಾಲ್ಕು 6ಎಲ್6 ಟ್ಯೂಬ್. ಅದರಲ್ಲಿ ಟ್ರೆಬಲ್ (ಚೂಪು ದನಿ), ಮಿಡ್ಲ್ (ನಡುವಿನದು), ಬಾಸ್ (ದಪ್ಪ ದನಿ) ಮೂರೂ ಐದರಲ್ಲಿದ್ದರೆ ಸುಮಾರು 400-500 ಹರ್ಟ್ಸ್ ಹತ್ತಿರ ದೊಡ್ಡ ತಗ್ಗು ಬಿದ್ದಿರುತ್ತೆ. ಗಿಟಾರಿನ ಮೈ ಇರೋದೇ ಅಲ್ಲಿ. ಮೂರನ್ನೂ ಸೊನ್ನೆಗೆ ತಂದು ನೋಡಿ, ಆಂಪ್ ಹೆಚ್ಚುಕಡಿಮೆ ಮೂಕ ಆಗುತ್ತೆ. ಈಗ ಮಿಡ್ಲ್ ಒಂದನ್ನೇ ಹತ್ತಕ್ಕೆ ಏರಿಸಿ, ಉಳಿದೆರಡನ್ನು ಎರಡರ ಆಸುಪಾಸು ಬಿಡಿ. ಅದೇ ಆಂಪು, ಅದೇ ಗಿಟಾರು. ದನಿ ಮೈ ತುಂಬಿಕೊಂಡು ಮುಂದೆ ಬಂದು ನಿಲ್ಲುತ್ತೆ. ಜೀವ ಇಲ್ಲ ಅಂದವರು ಆ ಮಿಡ್ಲ್ ನಾಬ್ ಮುಟ್ಟಲೇ ಇಲ್ಲ!

ಎಸಿ30 ಕತೆ ಇನ್ನೂ ಬೇಸರದ್ದು. ಅದರ ಟಾಪ್ ಬೂಸ್ಟ್ ಚಾನೆಲ್ಲಿನಲ್ಲಿ ಮಿಡ್ಲ್ ನಾಬೇ ಇಲ್ಲ, ಟ್ರೆಬಲ್ ಮತ್ತು ಬಾಸ್ ಮಾತ್ರ. ಎರಡನ್ನೂ ಏರಿಸಿದರೆ ಮಿಡ್ಸ್ ತಾನಾಗಿ ಕುಸಿಯುತ್ತೆ, ಇಳಿಸಿದರೆ ಮಿಡ್ಸ್ ಎದ್ದು ಬರುತ್ತೆ. ಆಮೇಲೆ ಕಟ್ ಅಂತ ಇನ್ನೊಂದು ನಾಬ್ ಇದೆ. ಅದು ಉಳಿದ ನಾಬ್‌ಗಳ ಹಾಗಲ್ಲ, ಉಲ್ಟಾ. ಏರಿಸಿದಷ್ಟೂ ಟ್ರೆಬಲ್ ಕಡಿಯುತ್ತಾ ಹೋಗುತ್ತೆ. ಎಲ್ಲ ನಾಬ್ ಐದಕ್ಕೆ ಅಂದಾಗ ಅವರು ಆ ಕಟ್ ನಾಬನ್ನೂ ಐದಕ್ಕೆ ತಿರುಗಿಸಿದರು. ಅಂದರೆ ತಾವೇ ಕೈಯಾರೆ ಟ್ರೆಬಲ್ ಕಡಿದು, ಆಮೇಲೆ ಆಂಪ್ ಮಂಕು ಅಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕೋದು ಅಂದರೆ ಇದೇ.

ಜೆಟಿಎಂ45 ಚುಚ್ಚಿತಂತೆ. ಚುಚ್ಚದೆ ಇನ್ನೇನು? ಅದರಲ್ಲಿ ಎರಡು ಚಾನೆಲ್, ನಾಲ್ಕು ಇನ್‌ಪುಟ್. ಒಂದು ಚಾನೆಲ್ ಚೂಪು, ಇನ್ನೊಂದು ದಪ್ಪ. ಅವರು ಚೂಪಾದ ಚಾನೆಲ್ಲಿಗೆ ಮಾತ್ರ ಕೇಬಲ್ ಹಾಕಿದ್ದರು. ಆ ಆಂಪ್ ನುಡಿಸುವವರು ಗೇಣುದ್ದದ ಒಂದು ಕೇಬಲ್ ಹಾಕಿ ಎರಡೂ ಚಾನೆಲ್ ಸೇರಿಸಿಕೊಳ್ಳುತ್ತಾರೆ. ಆಮೇಲೆ ಎರಡು ವಾಲ್ಯೂಮ್ ನಾಬ್ ಇಟ್ಟುಕೊಂಡು ಎಷ್ಟು ಚೂಪು, ಎಷ್ಟು ದಪ್ಪ ಅಂತ ಬೆರೆಸುತ್ತಾರೆ. ಟೋನ್ ನಾಬ್ ಮುಟ್ಟುವ ಮೊದಲೇ ಇಷ್ಟೊಂದು ಬಣ್ಣ ಸಿಗುತ್ತೆ.

ಈ ಆಂಪಿನ ಹುಟ್ಟನ್ನೇ ನೋಡಿ. 1962ರಲ್ಲಿ ಲಂಡನ್ನಿನ ಜಿಮ್ ಮಾರ್ಷಲ್ ಅಂಗಡಿಯವರು ಫೆಂಡರ್ ಬಾಸ್‌ಮನ್ ಆಂಪಿನ ಸರ್ಕ್ಯೂಟನ್ನು ಹೆಚ್ಚುಕಡಿಮೆ ಹಾಗೇ ಇಳಿಸಿಕೊಂಡು ಇದನ್ನು ಕಟ್ಟಿದರು. ಕಾಗದದ ಮೇಲೆ ಎರಡೂ ಅಣ್ಣತಮ್ಮಂದಿರು. ಆದರೆ ಬಾಸ್‌ಮನ್‌ನ ಮೊದಲ ಟ್ಯೂಬ್ 12ಎವೈ7, ಮಾರ್ಷಲ್‌ನಲ್ಲಿ ಅದೇ ಜಾಗದಲ್ಲಿ ಹೆಚ್ಚು ಗೇನ್ (ಸಿಗ್ನಲ್ ಹಿಗ್ಗಿಸುವ ಬಲ) ಕೊಡುವ ಇಸಿಸಿ83. ಅಲ್ಲಿ ಹಿಂಭಾಗ ತೆರೆದ ಪೆಟ್ಟಿಗೆಯಲ್ಲಿ ನಾಲ್ಕು 10 ಇಂಚಿನ ಸ್ಪೀಕರ್, ಇಲ್ಲಿ ಮುಚ್ಚಿದ ಕ್ಯಾಬಿನೆಟ್ಟಿನಲ್ಲಿ 12 ಇಂಚಿನ ಸೆಲೆಶನ್ ಸ್ಪೀಕರ್. ಒಂದು ಟ್ಯೂಬ್, ಸ್ಪೀಕರ್, ಪೆಟ್ಟಿಗೆ. ಇಂಥ ಕೆಲವು ಬದಲಾವಣೆಗಳಿಗೇ ದನಿ ಬೇರೆ ದಾರಿ ಹಿಡಿಯಿತು. ಸರ್ಕ್ಯೂಟ್ ಹೆಚ್ಚುಕಡಿಮೆ ಒಂದೇ ಆಗಿದ್ದರೂ ಹೀಗೆ. ಪೂರ್ತಿ ಬೇರೆ ಬೇರೆ ಆಂಪ್‌ಗಳನ್ನು ಒಂದು ಅಂಕಿಯಿಂದ ಅಳೆಯೋಕೆ ಆಗುತ್ತಾ?

"ಹಾಗಾದರೆ ಹೋಲಿಸೋದು ಹೇಗೆ? ಪರೀಕ್ಷೆ ಅಂದಮೇಲೆ ಎಲ್ಲಕ್ಕೂ ಒಂದೇ ನಿಯಮ ಬೇಡವಾ?" ಅಂತ ಕೇಳುವವರಿದ್ದಾರೆ. ಬೇಕು. ಆದರೆ ನಾಬಿನ ಅಂಕಿ ಒಂದೇ ಆದರೆ ನಿಯಮ ಒಂದೇ ಆಗೋದಿಲ್ಲ. ಫೆಂಡರ್‌ನದೇ ಚಿಕ್ಕ ಆಂಪ್ ಡಿಲಕ್ಸ್ ರಿವರ್ಬ್‌ನಲ್ಲಿ ವಾಲ್ಯೂಮ್ ಐದು ದಾಟುವ ಹೊತ್ತಿಗೆ ದನಿ ಒಡೆಯೋಕೆ ಶುರುವಾಗುತ್ತೆ, ಟ್ವಿನ್‌ನಲ್ಲಿ ಅದೇ ಐದಕ್ಕೆ ದನಿ ಇನ್ನೂ ಸ್ವಚ್ಛ. ಹಳೇ ಮೆಸಾ ಬೂಗಿ ಮಾರ್ಕ್ ಆಂಪ್‌ಗಳಲ್ಲಿ ಟೋನ್ ನಾಬ್‌ಗಳು ಗೇನ್ ಹೆಚ್ಚಿಸುವ ಹಂತಕ್ಕಿಂತ ಮುಂಚೆ ಇರುತ್ತವೆ. ಅದಕ್ಕೇ ಗೇನ್ ಏರಿಸಿದಾಗ ಬಾಸ್ ಒಂದು ಎರಡರಲ್ಲಿ ಇರಬೇಕು, ಐದಕ್ಕೆ ಇಟ್ಟರೆ ಕೆಳಗಿನ ತಂತಿಗಳೆಲ್ಲ ಕಲಸಿಹೋಗುತ್ತವೆ. ಮಾರ್ಷಲ್‌ನಲ್ಲಿ ಟೋನ್ ನಾಬ್ ಬರೋದೇ ಗೇನ್ ಆದಮೇಲೆ, ಅಲ್ಲಿ ಐದು ಏನೂ ತೊಂದರೆ ಇಲ್ಲ. ಹೆಸರು ಬಾಸ್ ಅಂತಲೇ ಇರಬಹುದು, ಮಾಡುವ ಕೆಲಸ ಬೇರೆ. ಒಂದೇ ನಿಯಮ ಬೇಕಿದ್ದರೆ ಹೀಗೆ ಮಾಡಿ. ಪ್ರತಿ ಆಂಪಿಗೂ ಒಂದು ಗಂಟೆ ಕೊಡಿ. ಪ್ರತಿಯೊಂದರಲ್ಲೂ ನಿಮಗೆ ಸಿಕ್ಕ ಅತಿ ಒಳ್ಳೆಯ ದನಿ ಹುಡುಕಿ. ಆಮೇಲೆ ಆ ದನಿಗಳನ್ನು ಹೋಲಿಸಿ.

ಇಷ್ಟು ಸಿಟ್ಟು ಯಾಕೆ ಅಂದರೆ, ಈ ತಪ್ಪು ನಾನೇ ಮಾಡಿದ್ದೇನೆ. ಹಳಬರಿಗೆ ನೆನಪಿರಬಹುದು, ನನ್ನ ಹತ್ತಿರ ಒಂದು ಡಿಲಕ್ಸ್ ರಿವರ್ಬ್ ಇತ್ತು. 22 ವ್ಯಾಟ್, ಎರಡು 6ವಿ6 ಟ್ಯೂಬ್. ಹಂಬಕರ್ (ದಪ್ಪ ದನಿಯ ಜೋಡಿ ಸುರುಳಿ ಪಿಕಪ್) ಇರುವ ಗಿಟಾರ್ ಹಾಕಿ, ಎಲ್ಲವನ್ನೂ ಐದಕ್ಕೆ ಇಟ್ಟು ನುಡಿಸುತ್ತಿದ್ದೆ. ದನಿ ಮಬ್ಬಾಗಿ ಸೋರಿಹೋಗುತ್ತಿತ್ತು. ಈ ಆಂಪ್ ನನ್ನ ಗಿಟಾರಿಗೆ ಒಗ್ಗಲ್ಲ ಅಂತ ತೀರ್ಮಾನಿಸಿ ಮಾರಾಟಕ್ಕೆ ಇಟ್ಟೆ. ಕೊಳ್ಳೋಕೆ ಬಂದವರು ವಯಸ್ಸಾದವರು, ಮಾತು ಕಡಿಮೆ. ನನ್ನದೇ ಗಿಟಾರ್ ಕೇಳಿ ತಗೊಂಡರು. ಬಾಸ್ ಎರಡಕ್ಕೆ ಇಳಿಸಿದರು. ಟ್ರೆಬಲ್ ಆರಕ್ಕೆ. ಆಂಪಿನ ವಾಲ್ಯೂಮ್ ಇನ್ನೂ ಸ್ವಲ್ಪ ಏರಿಸಿ, ಗಿಟಾರಿನ ವಾಲ್ಯೂಮ್ ಏಳಕ್ಕೆ ಇಳಿಸಿ, ಒಂದೇ ಒಂದು ಇ ಮೈನರ್ ಮೀಟಿದರು. ಆರೂ ತಂತಿ ಬಿಡಿಬಿಡಿಯಾಗಿ ಕೇಳಿಸಿತು. ಮೆಲ್ಲಗೆ ಮೀಟಿದಾಗ ಗಂಟೆಯ ಹಾಗೆ, ಒತ್ತಿ ಮೀಟಿದಾಗ ಅಂಚಿನಲ್ಲಿ ಒಂದು ಒರಟು. ನಾಲ್ಕು ವರ್ಷ ನನ್ನ ಕೋಣೆಯಲ್ಲೇ ಇದ್ದ ಆಂಪ್ ಅದು. ಆ ದನಿ ನಾನು ಒಂದು ದಿನವೂ ಕೇಳಿರಲಿಲ್ಲ. ಮಾತು ಕೊಟ್ಟಾಗಿತ್ತು, ದುಡ್ಡೂ ಕೈಗೆ ಬಂದಿತ್ತು. ಅವರು ಹೊತ್ತುಕೊಂಡು ಹೋದರು. ಇವತ್ತಿಗೂ ಸಂಕಟ ಆಗುತ್ತೆ.

ಎಲ್ಲದಕ್ಕೂ ಒಗ್ಗುವ ಆಂಪ್ ಅಂದರೆ ಚಾನೆಲ್ ಜಾಸ್ತಿ ಇರೋದು ಅಂತ ಅಂದುಕೊಂಡಿದ್ದೇವೆ. ಒಂದೇ ಕಾರ್ಯಕ್ರಮದಲ್ಲಿ ಹತ್ತು ಥರದ ಹಾಡು ನುಡಿಸುವವರಿಗೆ ಕಾಲಲ್ಲೇ ಚಾನೆಲ್ ಬದಲಿಸುವ ಫುಟ್‌ಸ್ವಿಚ್ ಬೇಕು, ಅದು ನಿಜ. ಅವರು ಮೂರು ಚಾನೆಲ್ಲಿನದ್ದೇ ತಗೊಳ್ಳಲಿ. ಆದರೆ ಬೆರಳಿಗೆ ಉತ್ತರ ಕೊಡುವ ಒಂದು ಚಾನೆಲ್ಲಿನಲ್ಲಿ ಎಷ್ಟು ದನಿ ಇರುತ್ತೆ ಅಂತ ಕೇಳಿದ್ದೀರಾ? ಎಸಿ30ಯಲ್ಲಿ ನೆಗೆಟಿವ್ ಫೀಡ್‌ಬ್ಯಾಕ್ ಇಲ್ಲ. ಅಂದರೆ ಔಟ್‌ಪುಟ್ಟಿನ ಸ್ವಲ್ಪ ಭಾಗವನ್ನು ಹಿಂದಕ್ಕೆ ಕಳಿಸಿ ದನಿಗೆ ಲಗಾಮು ಹಾಕುವ ಏರ್ಪಾಡು ಅದರಲ್ಲಿಲ್ಲ. ನಾಲ್ಕು ಇಎಲ್84 ಟ್ಯೂಬ್ ಸ್ವಚ್ಛದಿಂದ ಒಡಕಿಗೆ ಮೆಲ್ಲಗೆ ಜಾರುತ್ತವೆ. ಎಲ್ಲಿ ನಿಲ್ಲಬೇಕು ಅನ್ನೋದು ನಿಮ್ಮ ಕೈಯಲ್ಲಿರುತ್ತೆ. ಕ್ವೀನ್ ಬ್ಯಾಂಡಿನ ಗಿಟಾರಿಸ್ಟ್ ಬ್ರಯಾನ್ ಮೇ ನೋಡಿ. ಟ್ರೆಬಲ್ ಎತ್ತಿ ಕೊಡುವ ಬೂಸ್ಟರ್ ಹಾಕಿ, ಎಸಿ30ಯ ನಾರ್ಮಲ್ ಚಾನೆಲ್ಲಿನ ವಾಲ್ಯೂಮ್ ಪೂರ್ತಿ ಏರಿಸಿ, ಸ್ವಚ್ಛ ದನಿ ಬೇಕಾದಾಗ ಗಿಟಾರಿನ ವಾಲ್ಯೂಮ್ ಇಳಿಸುತ್ತಾರೆ. ಆ ಮನುಷ್ಯ ಐದಕ್ಕೆ ಇಟ್ಟು ಕೂತಿದ್ದರೆ ನಮಗೆ ಆ ದನಿ ಸಿಗುತ್ತಿತ್ತಾ?

ಆ ಹುಡುಗನಿಗೆ ಬೆಳಗ್ಗೆಯೇ ಫೋನ್ ಮಾಡಿದೆ. "ಕಟ್ ನಾಬ್ ಎಲ್ಲಿದೆ?" ಅಂತ ಕೇಳಿದೆ. "ಮಧ್ಯದಲ್ಲೇ ಇದೆ ಅಣ್ಣಾ, ತಗೊಂಡಾಗಿಂದ ಮುಟ್ಟಿಲ್ಲ" ಅಂದ. ತಮ್ಮಾ, ಇದನ್ನು ಓದ್ತಿದ್ದರೆ ಮಾರುವ ಯೋಚನೆ ಈಗಲೇ ಬಿಡು. ಕಟ್ ಸೊನ್ನೆಗೆ ತಿರುಗಿಸಿಡು. ಸಂಜೆ ಆರು ಗಂಟೆಗೆ ಬರ್ತೀನಿ, ಗಿಟಾರ್ ನಾನೇ ತರ್ತೀನಿ.