ಮೋಡ ಕವಿದರೆ ನಷ್ಟ ಯಾರಿಗೆ?

"ಸೋಲಾರ್ ಘಟಕದಲ್ಲಿ ಲಾಭ ಕಂಪನಿಗೆ, ನಷ್ಟವೆಲ್ಲ ಸರ್ಕಾರಕ್ಕೆ." ಹಾಸನದ ವಾಟ್ಸಾಪ್ ಗುಂಪುಗಳಲ್ಲಿ ಸುತ್ತುವ ಮಾತಿದು. ಹಾಗೇನಿಲ್ಲ.

ರೈತರ ಪಂಪ್‌ಸೆಟ್‌ಗಳಿಗೆ ಸೋಲಾರ್ ಕರೆಂಟ್ ಕೊಡುವ ಕೇಂದ್ರದ ಕುಸುಮ್-ಸಿ ಯೋಜನೆಯನ್ನೇ ನೋಡಿ. ಪಂಪ್‌ಸೆಟ್ ಫೀಡರ್‌ಗಳಿಗೆ, ಅಂದರೆ ಸಬ್‌ಸ್ಟೇಷನ್‌ನಿಂದ ಪಂಪ್‌ಸೆಟ್‌ಗಳಿಗೆ ಹೋಗುವ ಲೈನ್‌ಗಳಿಗೆ, ಹಗಲು ಕರೆಂಟ್ ಕೊಡಲು ಸಬ್‌ಸ್ಟೇಷನ್ ಹತ್ತಿರ ಖಾಸಗಿಯವರು ಘಟಕ ಕಟ್ಟುತ್ತಾರೆ. ಸಾಲ, ಕಟ್ಟುವ ಕೆಲಸ, 25 ವರ್ಷದ ರಿಪೇರಿ ಎಲ್ಲ ಅವರದೇ. ಕೇಂದ್ರದ ಸಬ್ಸಿಡಿ ಇದೆ, ನಿಜ. ಆದರೆ ಕರೆಂಟಿನ ದುಡ್ಡು ಸಿಗುವುದು ಮೀಟರ್ ದಾಟಿದ ಯೂನಿಟ್‌ಗೆ. ಸಕಲೇಶಪುರದ ಕಡೆ ಜುಲೈ ಮೋಡ ಹೇಗಿರುತ್ತದೆ, ಗೊತ್ತಲ್ವಾ? ಉತ್ಪಾದನೆ ಕುಸಿದರೆ ಪೆಟ್ಟು ಕಂಪನಿಗೆ.

ಈ ಕರೆಂಟ್ ಕೊಳ್ಳುವ ಸರ್ಕಾರಿ ವಿದ್ಯುತ್ ಸಂಸ್ಥೆ ಸೆಸ್ಕ್ ಪಾಲಿಗೆ ರಿಸ್ಕ್ ಏನೂ ಇಲ್ಲವೆಂದಲ್ಲ. ಒಪ್ಪಿದ ದರಕ್ಕೇ ಕೊಳ್ಳಬೇಕು. ನಾಳೆ ಬೇರೆ ಕಡೆ ಕರೆಂಟ್ ಅಗ್ಗವಾದರೂ ಅದೇ ದರ. ಇದು ಸಣ್ಣ ರಿಸ್ಕ್ ಅಲ್ಲ. ಪ್ರಶ್ನೆ ಕೇಳುವುದಿದ್ದರೆ ಇದನ್ನು ಕೇಳಿ.