ವರದಿ ಕೇಳದ ಸಭೆ

ಕರ್ನಾಟಕದ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಎಂಟು ವರ್ಷ ಗಣಿತ ಕಲಿಸಿದೆ. ಆಮೇಲೆ ಅಮೆರಿಕಕ್ಕೆ ಬಂದೆ. ಇಲ್ಲೂ ಅದೇ ಕೆಲಸ, ಏಳನೇ ತರಗತಿಗೆ ಗಣಿತ. ಬಂದು ಹನ್ನೊಂದು ವರ್ಷ ಆಯಿತು. ಹಳೆಯ ಸಹೋದ್ಯೋಗಿಗಳು ಫೋನ್ ಮಾಡಿದಾಗ ಇಲ್ಲಿನ ಶಾಲೆಯ ಬಗ್ಗೆ ತುಂಬ ಕೇಳುತ್ತಾರೆ. ತರಗತಿಗೆ ಎಷ್ಟು ಮಕ್ಕಳು, ಯಾವ ಪುಸ್ತಕ, ಪರೀಕ್ಷೆ ಹೇಗೆ. ಅವರು ಇನ್ನೂ ಕೇಳದ ಒಂದು ವಿಷಯ ನನ್ನ ಮನಸ್ಸಿನಲ್ಲಿ ಬಹಳ ದಿನದಿಂದ ಇದೆ. ಪಾಠ ಕೆಟ್ಟುಹೋದ ದಿನ ಮೇಷ್ಟ್ರು ಅದನ್ನು ಯಾರ ಹತ್ತಿರ ಹೇಳಿಕೊಳ್ಳಬೇಕು?

ನಾನು ಅಲ್ಲಿದ್ದಾಗ ತಿಂಗಳಿಗೊಮ್ಮೆ ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆ ಇರುತ್ತಿತ್ತು. ಸುತ್ತಮುತ್ತಲಿನ ಶಾಲೆಗಳ ನಲವತ್ತು ಐವತ್ತು ಜನ ಒಂದು ಕಡೆ ಸೇರುತ್ತಿದ್ದೆವು. ಸಿಆರ್‌ಪಿ (ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಸುತ್ತೋಲೆ ಓದುತ್ತಿದ್ದರು. ನಾವು ನಮೂನೆ ತುಂಬಿ ಕೊಡುತ್ತಿದ್ದೆವು. ಯಾವ ಶಾಲೆಯಿಂದ ಯಾವ ಮಾಹಿತಿ ಬಾಕಿ ಇದೆ ಅನ್ನುವುದರಲ್ಲೇ ಅರ್ಧ ಹೊತ್ತು ಹೋಗುತ್ತಿತ್ತು. ಸಿಆರ್‌ಪಿಯವರನ್ನು ನಾನು ದೂರುವುದಿಲ್ಲ. ಅವರೂ ಶಿಕ್ಷಕರೇ. ಮೇಲಿನವರು ಕೇಳಿದ್ದನ್ನು ಅವರು ಕೊಡಲೇಬೇಕು. ಆದರೆ ಸಮಾಲೋಚನೆ ಅನ್ನುವುದು ಸಭೆಯ ಹೆಸರಿನಲ್ಲಿತ್ತು, ಅದಕ್ಕೆ ಸಮಯ ಉಳಿಯುತ್ತಿರಲಿಲ್ಲ.

ನಿಜವಾದ ಸಮಾಲೋಚನೆ ಆಗುತ್ತಿದ್ದುದು ಸಭೆ ಮುಗಿದು ಬಸ್ಸಿಗೆ ಕಾಯುವಾಗ. ಒಂದೇ ದಾರಿಯ ನಾಲ್ಕೈದು ಜನ ಒಟ್ಟಿಗೆ ನಿಂತಿರುತ್ತಿದ್ದೆವು. ಒಂದು ಸಲ ನಾನು ನನ್ನ ಗೋಳು ತೋಡಿಕೊಂಡೆ. ಮಕ್ಕಳು ನಾಲ್ಕನೇ ಒಂದು ಭಾಗ ಮೂರನೇ ಒಂದು ಭಾಗಕ್ಕಿಂತ ದೊಡ್ಡದು ಅಂತಲೇ ಬರೆಯುತ್ತಾರೆ, ಮೂರಕ್ಕಿಂತ ನಾಲ್ಕು ದೊಡ್ಡದಲ್ವಾ ಅಂತ ನನಗೇ ಕೇಳುತ್ತಾರೆ, ಎಷ್ಟು ಸಲ ಹೇಳಿದರೂ ಅಷ್ಟೇ ಅಂದೆ. ಹಿರಿಯ ಮೇಡಂ ಒಬ್ಬರಿದ್ದರು. "ಎಷ್ಟು ಸಲ ಹೇಳಿದ್ರಿ ಅನ್ನೋದು ಬಿಡಿ. ಅವರ ಕೈಗೆ ಕಾಗದ ಕೊಟ್ಟು ಮಡಿಸೋಕೆ ಬಿಟ್ರಾ?" ಅಂತ ಕೇಳಿದರು. ಬಿಟ್ಟಿರಲಿಲ್ಲ. ಮಾರನೇ ದಿನ ಎರಡು ಒಂದೇ ಅಳತೆಯ ಕಾಗದ ಕೊಟ್ಟು, ಒಂದನ್ನು ಮೂರು ಸಮಭಾಗ, ಇನ್ನೊಂದನ್ನು ನಾಲ್ಕು ಸಮಭಾಗ ಮಡಿಸಲು ಹೇಳಿದೆ. ಆಮೇಲೆ ನಾನು ಹೆಚ್ಚು ಮಾತಾಡಬೇಕಾಗಲಿಲ್ಲ.

ಆ ಉಪಾಯಕ್ಕಿಂತ ಅವರು ಆಮೇಲೆ ಹೇಳಿದ ಮಾತು ನನಗೆ ದೊಡ್ಡದು. ಮೊದಲ ನಾಲ್ಕು ವರ್ಷ ಅವರೂ ಹೀಗೇ ಹೇಳಿ ಹೇಳಿ ಗಂಟಲು ಒಣಗಿಸಿಕೊಂಡಿದ್ದರಂತೆ. ಇಪ್ಪತ್ತೈದು ವರ್ಷ ಸರ್ವಿಸ್ ಆದವರು ಇದನ್ನು ನನ್ನೆದುರು ಒಪ್ಪಿಕೊಂಡಾಗ ಮನಸ್ಸಿನ ಭಾರ ಅರ್ಧ ಇಳಿಯಿತು. ಸಭೆಯ ಒಳಗೆ ಅವರು ಆ ಮಾತು ಆಡುತ್ತಿರಲಿಲ್ಲ. ನಾನೂ ನನ್ನ ಗೋಳು ಹೇಳುತ್ತಿರಲಿಲ್ಲ. ಅಲ್ಲಿ ಹಾಜರಿ ಪುಸ್ತಕ ಇತ್ತು. ನಡಾವಳಿ ಬರೆಯುವವರು ಇದ್ದರು.

ಅಮೆರಿಕಕ್ಕೆ ಬಂದ ಎರಡನೇ ವರ್ಷ ಇಲ್ಲಿನ ಶಾಲೆಯಲ್ಲಿ ಒಂದು ಸಣ್ಣ ಗುಂಪಿಗೆ ಸೇರಿದೆ. ಇಲ್ಲಿ ಅದನ್ನು ಕ್ರಿಟಿಕಲ್ ಫ್ರೆಂಡ್ಸ್ ಗ್ರೂಪ್ ಅನ್ನುತ್ತಾರೆ. ಬ್ರೌನ್ ವಿಶ್ವವಿದ್ಯಾಲಯದ ಅನೆನ್‌ಬರ್ಗ್ ಸಂಸ್ಥೆಯಲ್ಲಿ 1990ರ ದಶಕದ ನಡುವಿನಲ್ಲಿ ಶುರುವಾದ ಪದ್ಧತಿ ಇದು. ಹೆಸರು ಕೇಳಿ, ತಪ್ಪು ಹುಡುಕುವ ಗೆಳೆಯರು ಅಂದುಕೊಂಡಿದ್ದೆ. ಹಾಗಲ್ಲ. ಮುಲಾಜಿಲ್ಲದೆ ಕೇಳುವ, ಆದರೆ ನಮ್ಮ ಒಳ್ಳೆಯದನ್ನೇ ಬಯಸುವ ಗೆಳೆಯರು. ಸಾಮಾನ್ಯವಾಗಿ ಎಂಟರಿಂದ ಹನ್ನೆರಡು ಜನ. ತಿಂಗಳಿಗೊಮ್ಮೆ ಎರಡು ಗಂಟೆ. ನಮ್ಮದು ಎಂಟು ಜನರ ಗುಂಪು. ಚಿತ್ರಕಲೆಯವರಿದ್ದರು, ವಿಜ್ಞಾನದವರಿದ್ದರು. ಗಣಿತಕ್ಕೆ ನಾನೊಬ್ಬನೇ.

ಅಲ್ಲಿ ಮಾತಾಡಲು ಒಂದು ಕ್ರಮ ಇದೆ. ಒಬ್ಬರು ತಮ್ಮ ತೊಡಕನ್ನು ಹತ್ತು ನಿಮಿಷ ಹೇಳುತ್ತಾರೆ. ಮಕ್ಕಳ ಉತ್ತರ ಪತ್ರಿಕೆಯನ್ನೋ ಪಾಠ ಯೋಜನೆಯನ್ನೋ ಎಲ್ಲರ ಮುಂದಿಡುತ್ತಾರೆ. ಉಳಿದವರು ಮೊದಲು ಅರ್ಥವಾಗದ್ದನ್ನು ಮಾತ್ರ ಕೇಳುತ್ತಾರೆ. ಆಮೇಲೆ ಯೋಚನೆಗೆ ಹಚ್ಚುವ ಪ್ರಶ್ನೆಗಳು. "ನೀವು ಹೀಗೆ ಮಾಡಬಹುದಿತ್ತಲ್ಲ" ಅನ್ನುವ ಸಲಹೆಯನ್ನು ಪ್ರಶ್ನೆಯ ವೇಷದಲ್ಲಿ ತರುವಂತಿಲ್ಲ. ನಂತರ ಸುಮಾರು ಹದಿನೈದು ನಿಮಿಷ ಉಳಿದವರು ಆ ತೊಡಕಿನ ಬಗ್ಗೆ ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತಾರೆ. ತಂದವರು ಬಾಯಿ ತೆರೆಯುವಂತಿಲ್ಲ. ಸುಮ್ನೆ ಕೇಳಿಸಿಕೊಳ್ಳಬೇಕು, ಬರೆದುಕೊಳ್ಳಬೇಕು. ಕೊನೆಗೆ ತಮಗೆ ಏನು ಅನಿಸಿತು ಅನ್ನುವುದನ್ನು ಅವರೇ ಹೇಳುತ್ತಾರೆ. ಒಬ್ಬರು ಗಡಿಯಾರ ನೋಡಿಕೊಳ್ಳುತ್ತಾರೆ. ಅಲ್ಲಿಗೆ ಒಂದು ಗಂಟೆ.

ಮೊದಲ ಸಲ ನನ್ನ ಸರದಿ ಬಂದಾಗ ಋಣ ಸಂಖ್ಯೆಗಳ ಲೆಕ್ಕ ತಂದಿದ್ದೆ. ಮೈನಸ್ ಮೂರರಿಂದ ಐದು ಕಳೆಯಿರಿ ಅಂದರೆ ಉತ್ತರ ಮೈನಸ್ ಎಂಟು. ತರಗತಿಯ ಅರ್ಧ ಮಕ್ಕಳು ಎಂಟು ಅಂತ ಬರೆದಿದ್ದರು. ಅಂಥ ಐದು ಹಾಳೆಗಳನ್ನು ಮೇಜಿನ ಮೇಲೆ ಇಟ್ಟೆ. ಮಕ್ಕಳಿಗೆ ಗಮನ ಇಲ್ಲ ಅನ್ನುವುದೇ ನನ್ನ ವಾದ. ಚಿತ್ರಕಲೆಯ ಟೀಚರ್ ಕೇಳಿದರು: "ಈ ಮಗು ಯಾವುದನ್ನು ಸರಿ ಅಂದುಕೊಂಡು ಈ ಉತ್ತರ ಬರೆದಿದೆ?" ನನ್ನ ಹತ್ತಿರ ಉತ್ತರ ಇರಲಿಲ್ಲ. ನಾನು ಬಾಯಿ ಮುಚ್ಚಿ ಕೂರಬೇಕಾದ ಹದಿನೈದು ನಿಮಿಷ ಶುರುವಾಯಿತು. ಅವರು ಐದೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು. ಒಂದರ ಅಂಚಿನಲ್ಲಿ ಮಗು 'ಎರಡು ಮೈನಸ್ ಸೇರಿದರೆ ಪ್ಲಸ್' ಅಂತ ಪುಟ್ಟದಾಗಿ ಬರೆದುಕೊಂಡಿತ್ತು. ಆ ಸಾಲನ್ನು ಬೋರ್ಡಿನ ಮೇಲೆ ಬರೆದವನು ನಾನು. ಗುಣಾಕಾರಕ್ಕೆ ಹೇಳಿಕೊಟ್ಟ ನಿಯಮವನ್ನು ಮಕ್ಕಳು ಎರಡು ಮೈನಸ್ ಕಂಡಲ್ಲೆಲ್ಲ ಹಾಕುತ್ತಿದ್ದರು. ಅವರಿಗೆ ಗಮನ ಇತ್ತು. ನನ್ನ ಮಾತನ್ನು ಅವರು ಚೆನ್ನಾಗಿಯೇ ಕೇಳಿಸಿಕೊಂಡಿದ್ದರು.

ಮಾತಾಡಲು ಬಿಟ್ಟಿದ್ದರೆ ಆ ಹದಿನೈದು ನಿಮಿಷ ನಾನು ನನ್ನನ್ನೇ ಸಮರ್ಥಿಸಿಕೊಳ್ಳುತ್ತಿದ್ದೆ. ಖಂಡಿತ.

ಇನ್ನೊಂದು ಸಲ ನಮ್ಮ ಗುಂಪಿನ ಒಬ್ಬರು ಹಾಳೆ, ಯೋಜನೆ ಏನೂ ತರಲಿಲ್ಲ. ಮೂರು ತಿಂಗಳಿಂದ ಬೆಳಗ್ಗೆ ಶಾಲೆಗೆ ಬರಲು ಕಾಲು ಬರುತ್ತಿಲ್ಲ, ತಾಯಿ ತೀರಿಕೊಂಡ ಮೇಲೆ ಮಕ್ಕಳ ಗಲಾಟೆ ತಡೆಯಲಾಗುತ್ತಿಲ್ಲ, ಸಣ್ಣದಕ್ಕೂ ರೇಗುತ್ತೇನೆ ಅಂದರು. ಯಾರೂ ಸಮಾಧಾನದ ಮಾತು ಹೇಳಲು ಹೋಗಲಿಲ್ಲ. ದಿನದಲ್ಲಿ ಯಾವ ಪೀರಿಯಡ್ ಜಾಸ್ತಿ ಕಷ್ಟ, ಯಾವ ಹೊತ್ತು ಸ್ವಲ್ಪ ಹಗುರ ಅಂತ ಕೇಳಿದರು. ಊಟದ ನಂತರದ ಪೀರಿಯಡ್ ಅಂದರು. ಪಕ್ಕದ ಕೋಣೆಯವರು ಆ ಹೊತ್ತಿನಲ್ಲಿ ವಾರಕ್ಕೆ ಎರಡು ದಿನ ಬಂದು ಜೊತೆಗೆ ನಿಲ್ಲುತ್ತೇನೆ ಅಂದರು. ನಿಂತರು ಕೂಡ. ಆ ವರ್ಷ ಹೇಗೋ ದಾಟಿತು. ಮುಂದಿನ ವರ್ಷ ಅವರು ಕೆಲಸ ಬಿಟ್ಟರು. ಗುಂಪು ಸೋತಿತು ಅಂತ ಕೆಲವರಿಗೆ ಅನಿಸಬಹುದು. ನನಗೆ ಹಾಗೆ ಅನಿಸಿಲ್ಲ. ರೇಗಿ, ಕುಸಿದು ಹೋಗುವ ಬದಲು ಯೋಚಿಸಿ, ಮಕ್ಕಳಿಗೆ ಹೇಳಿ ಹೋದರು. ಶಿಕ್ಷಕರ ವೃತ್ತಿ ಬೆಳವಣಿಗೆ ಬೇರೆ, ಸ್ವಂತ ಬದುಕು ಬೇರೆ ಅಂತ ತರಬೇತಿಗಳಲ್ಲಿ ಗೆರೆ ಎಳೆಯುತ್ತಾರೆ. ತರಗತಿಯ ಒಳಗೆ ಆ ಗೆರೆ ಇರುವುದಿಲ್ಲ, ಅಲ್ವಾ?

ಇಷ್ಟು ಓದಿ ಅಮೆರಿಕದ್ದೇ ಒಳ್ಳೆಯ ದಾರಿ ಅಂದುಕೊಳ್ಳಬೇಡಿ. ನಾಲ್ಕನೇ ವರ್ಷ ಶಾಲೆಗೆ ಹೊಸ ಮುಖ್ಯಸ್ಥರು ಬಂದರು. ಗುಂಪಿನ ಕೆಲಸ ಅವರಿಗೆ ಹಿಡಿಸಿತು. ಹಿಡಿಸಿದ್ದರಿಂದಲೇ ಎಲ್ಲರಿಗೂ ಕಡ್ಡಾಯ ಮಾಡಿದರು. ಪ್ರತಿ ಗುಂಪೂ ಪರೀಕ್ಷೆಯ ಅಂಕಗಳ ಪಟ್ಟಿ ತರಬೇಕು, ಚರ್ಚೆ ಮುಗಿದ ಮೇಲೆ ಒಂದು ಪುಟದ ವರದಿ ಕೊಡಬೇಕು. ಎರಡೇ ತಿಂಗಳಲ್ಲಿ ಎಲ್ಲರೂ ಚೆನ್ನಾಗಿ ನಡೆದ ಪಾಠಗಳನ್ನೇ ತರತೊಡಗಿದರು. ನಾನೂ ಅಷ್ಟೇ. ಒಂದು ದಿನ ಅಂಕಪಟ್ಟಿ ಹಿಡಿದು ಕೂತಿದ್ದಾಗ ಹಳೆಯ ಕ್ಲಸ್ಟರ್ ಸಭೆಯ ನೆನಪು ಬಂತು. ಅದೇ ಮುಖಗಳು, ಅದೇ ಮೌನ. ದೇಶ ಬೇರೆ, ಅಷ್ಟೇ. ಸಣ್ಣ ಗುಂಪಿನ ಜೀವ ಅದರ ಗಾತ್ರದಲ್ಲಿ ಎಷ್ಟಿದೆಯೋ, ಅಲ್ಲಿ ಆಡಿದ ಮಾತು ಯಾರ ಕಡತಕ್ಕೂ ಹೋಗುವುದಿಲ್ಲ ಅನ್ನುವ ನಂಬಿಕೆಯಲ್ಲೂ ಅಷ್ಟೇ ಇದೆ ಅಂತ ನನಗೆ ಅವತ್ತು ಗೊತ್ತಾಯಿತು.

ಬೇರೆ ದೇಶಗಳೂ ತಮ್ಮದೇ ದಾರಿ ಹುಡುಕಿಕೊಂಡಿವೆ. ಜಪಾನಿನಲ್ಲಿ ನೂರು ವರ್ಷಕ್ಕೂ ಹಳೆಯ ಜುಗ್ಯೋ ಕೆಂಕ್ಯೂ ಇದೆ, ಅಂದರೆ ಪಾಠದ ಅಧ್ಯಯನ. ಕೆಲವು ಶಿಕ್ಷಕರು ಕೂತು ಒಂದೇ ಒಂದು ಪಾಠವನ್ನು ವಾರಗಟ್ಟಲೆ ಯೋಜಿಸುತ್ತಾರೆ. ಒಬ್ಬರು ಅದನ್ನು ಮಕ್ಕಳಿಗೆ ಮಾಡುತ್ತಾರೆ. ಉಳಿದವರು ತರಗತಿಯಲ್ಲಿ ನಿಂತು ಮಕ್ಕಳನ್ನು ನೋಡುತ್ತಾರೆ. ನೆನಪಿಡಿ, ಮೇಷ್ಟ್ರನ್ನಲ್ಲ, ಮಕ್ಕಳನ್ನು. ಯಾವ ಮಗು ಎಲ್ಲಿ ತಡವರಿಸಿತು, ಪಕ್ಕದ ಮಗುವಿಗೆ ಏನು ಹೇಳಿತು ಅಂತ ಬರೆದುಕೊಳ್ಳುತ್ತಾರೆ. ಸೇರಿ ಯೋಜಿಸಿದ್ದರಿಂದ ಪಾಠ ಕೆಟ್ಟರೆ ಕೆಟ್ಟದ್ದು ಎಲ್ಲರ ಪಾಠ. ಒಬ್ಬರ ಮರ್ಯಾದೆ ಹೋಗುವ ಮಾತೇ ಇಲ್ಲ. ಇದು ನನಗೆ ತುಂಬ ಹಿಡಿಸುತ್ತದೆ. ಚೀನಾದಲ್ಲಿ 1950ರ ದಶಕದಿಂದಲೂ ಒಂದೇ ವಿಷಯದ ಶಿಕ್ಷಕರ ಗುಂಪುಗಳು ಶಾಲೆಯ ದಿನನಿತ್ಯದ ಕೆಲಸದ ಭಾಗ. ಸಿಂಗಪುರದಲ್ಲಿ ಶಿಕ್ಷಕರ ಕಲಿಕೆಗೆ ವರ್ಷಕ್ಕೆ 100 ಗಂಟೆ ಇದೆ.

ನಮ್ಮಲ್ಲಿ ಇಂಥದ್ದು ಇರಲೇ ಇಲ್ಲವಾ? ಇತ್ತು. ಅದೂ ದೊಡ್ಡದಾಗಿಯೇ ಇತ್ತು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ, ಕಾರ್ಡು ಚಟುವಟಿಕೆಗಳ ಮೂಲಕ ಕಲಿಸುವ ನಲಿಕಲಿ ಪದ್ಧತಿ ಶುರುವಾಯಿತು. ಅಲ್ಲಿನ ಕೆಲವು ಶಿಕ್ಷಕರು ಆಂಧ್ರದ ರಿಷಿವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿ ಬಂದರು. ಬಂದವರು ಸುಮ್ಮನೆ ನಕಲು ಮಾಡಲಿಲ್ಲ. ಸೇರಿ ಕೂತು ನಮ್ಮ ಮಕ್ಕಳಿಗೆ ಒಗ್ಗುವ ಕಾರ್ಡುಗಳನ್ನು, ಮಗು ಮೆಟ್ಟಿಲು ಮೆಟ್ಟಿಲಾಗಿ ಕಲಿಯುತ್ತಾ ಹೋಗುವ ಕಲಿಕಾ ಏಣಿಯನ್ನು ತಯಾರಿಸಿದರು. 2009-10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಒಂದು, ಎರಡನೇ ತರಗತಿಗೆ ಬಂತು. ನಮ್ಮ ಶಾಲೆಗೂ ಬಂತು. ಅದನ್ನು ತೆಗೆದುಕೊಳ್ಳುತ್ತಿದ್ದ ಮೇಡಂ ಕಾರ್ಡುಗಳನ್ನು ಜೋಡಿಸುತ್ತಾ "ಇದನ್ನ ಮಾಡಿದವರ ಜೊತೆ ಒಂದು ದಿನ ಕೂತಿದ್ರೆ ಸಾಕಾಗಿತ್ತು" ಅನ್ನುತ್ತಿದ್ದರು. ಅವರ ಕೈಗೆ ಬಂದದ್ದು ಕಾರ್ಡುಗಳು. ಆ ಕಾರ್ಡುಗಳನ್ನು ಹುಟ್ಟಿಸಿದ ಗುಂಪು ಅವರಿಗೆ ಸಿಗಲಿಲ್ಲ. ಆ ಪದ್ಧತಿಯಲ್ಲಿ ಮಕ್ಕಳು ಪುಟ್ಟ ಗುಂಪುಗಳಲ್ಲಿ ಕೂತು, ಒಮ್ಮೆ ಶಿಕ್ಷಕರ ಸಹಾಯದಿಂದ, ಒಮ್ಮೆ ಗೆಳೆಯರ ಸಹಾಯದಿಂದ, ಒಮ್ಮೆ ತಾವೇ ಕಲಿಯುತ್ತಾರೆ. ಆರು ವರ್ಷದ ಮಗುವಿಗೆ ಗೆಳೆಯರ ಸಹಾಯ ಬೇಕು ಅಂತ ಒಪ್ಪಿದವರು ಮೂವತ್ತಾರು ವರ್ಷದ ಮೇಷ್ಟ್ರಿಗೂ ಅದು ಬೇಕು ಅಂತ ಒಪ್ಪಬೇಕು.

ಸಮಯ ಎಲ್ಲಿದೆ ಅಂತ ಕೇಳುತ್ತಾರೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಪ್ರತಿ ಶಿಕ್ಷಕರೂ ವರ್ಷಕ್ಕೆ ಕನಿಷ್ಠ 50 ಗಂಟೆ ವೃತ್ತಿ ಬೆಳವಣಿಗೆಯಲ್ಲಿ ತೊಡಗಬೇಕು ಅಂತ ಇದೆ. ತಿಂಗಳಿಗೆ ಎರಡು ಗಂಟೆಯಂತೆ ಹತ್ತು ತಿಂಗಳಿಗೆ 20 ಗಂಟೆ ಆಗುತ್ತದೆ. ಉಳಿದ 30 ಗಂಟೆ ಬೇರೆ ತರಬೇತಿಗೆ ಇರಲಿ. ಹತ್ತಿರದ ಶಾಲೆಗಳ ಐದಾರು ಜನ, ಶಾಲೆಯ ಅವಧಿಯಲ್ಲೇ, ಅನ್ಯಕಾರ್ಯ ನಿಮಿತ್ತದ ಮೇಲೆ (ಅಂದರೆ ಶಾಲೆಯ ಹೊರಗಿದ್ದರೂ ಕರ್ತವ್ಯದಲ್ಲಿದ್ದಂತೆ) ಸೇರಲಿ. ಒಬ್ಬರು ಒಂದು ಮಗುವಿನ ನೋಟ್‌ಬುಕ್ ತರಲಿ. ಫೋಟೋ ತೆಗೆದು ಮೇಲಕ್ಕೆ ಕಳಿಸುವುದು ಬೇಡ. ಸೇರಿದ್ದರು ಅನ್ನುವ ಒಂದು ಸಹಿ ಸಾಕು, ಏನು ಮಾತಾಡಿದರು ಅನ್ನುವುದು ಬೇಡ. ಸಿಆರ್‌ಪಿ ಬರಲಿ, ಆದರೆ ಅವರೂ ಒಂದು ನೋಟ್‌ಬುಕ್ ಹಿಡಿದು ಶಿಕ್ಷಕರಾಗಿ ಬರಲಿ. ದೇಶದಲ್ಲಿ ಒಂದು ಲಕ್ಷಕ್ಕೂ ಜಾಸ್ತಿ ಏಕೋಪಾಧ್ಯಾಯ ಶಾಲೆಗಳಿವೆ. ಇದು ಮೊದಲು ಸಿಗಬೇಕಾದದ್ದು ಅಂಥ ಶಾಲೆಯವರಿಗೆ. ಅವರಿಗೆ ಸ್ಟಾಫ್ ರೂಂ ಅನ್ನುವುದೇ ಇಲ್ಲ.

ಇಂಥ ಗುಂಪಿಗೆ ಅಪಾಯಗಳೂ ಇವೆ. ಐದು ಜನ ಗೆಳೆಯರು ಸೇರಿದರೆ ಒಬ್ಬರ ತಪ್ಪನ್ನು ಇನ್ನೊಬ್ಬರು ಸರಿ ಅನ್ನುತ್ತಾ ಕೂರಬಹುದು. ಇಲಾಖೆಯನ್ನು ಬೈಯುವುದರಲ್ಲೇ ಎರಡು ಗಂಟೆ ಕಳೆಯಬಹುದು. ಭಿನ್ನರಾಶಿಯೇ ಸರಿಯಾಗಿ ಗೊತ್ತಿಲ್ಲದ ಐದು ಜನಕ್ಕೆ ಗುಂಪು ಅದನ್ನು ಕಲಿಸಿಕೊಡುವುದಿಲ್ಲ. ಜಪಾನಿನವರು ಇದಕ್ಕೇ ಚರ್ಚೆಯ ಕೊನೆಯಲ್ಲಿ ಹೊರಗಿನ ತಿಳಿದವರೊಬ್ಬರನ್ನು ಮಾತಾಡಿಸುತ್ತಾರೆ. ಗಮನಿಸಿ, ಕೊನೆಯಲ್ಲಿ. ನಮ್ಮಲ್ಲಿ ಸಂಪನ್ಮೂಲ ವ್ಯಕ್ತಿ ಮೊದಲು ಮಾತಾಡುತ್ತಾರೆ, ಶಿಕ್ಷಕರಿಗೆ ಕೊನೆಯ ಐದು ನಿಮಿಷ. ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯಾದ ಡಯಟ್‌ನಿಂದ ಒಬ್ಬರು ವರ್ಷಕ್ಕೆ ಎರಡು ಸಲ ಬಂದು ಮೊದಲು ಕೇಳಿಸಿಕೊಂಡರೆ ಬಹಳಷ್ಟು ಸರಿಹೋಗುತ್ತದೆ.

ಒಂದು ವಿಷಯದಲ್ಲಿ ನಮ್ಮವರು ಇಲ್ಲಿನವರಿಗಿಂತ ಮುಂದೆ ಇದ್ದಾರೆ. ಇಲ್ಲಿ ಗುಂಪಿನವರು ಒಬ್ಬರಿಗೊಬ್ಬರು ಮನಸ್ಸು ಬಿಚ್ಚಲು ಆರು ತಿಂಗಳು ಹಿಡಿಯಿತು. ಶುರುವಿನಲ್ಲಿ ಪರಿಚಯದ ಆಟಗಳನ್ನು ಆಡಿಸಬೇಕಾಯಿತು. ನಮ್ಮ ತಾಲ್ಲೂಕಿನಲ್ಲಿ ಅದೇ ಶಿಕ್ಷಕರು ಹದಿನೈದು ಇಪ್ಪತ್ತು ವರ್ಷ ಒಬ್ಬರನ್ನೊಬ್ಬರು ನೋಡಿರುತ್ತಾರೆ. ಯಾರ ಮನೆಯಲ್ಲಿ ಯಾರಿಗೆ ಹುಷಾರಿಲ್ಲ ಅನ್ನುವುದು ಗೊತ್ತಿರುತ್ತದೆ. ಗೊತ್ತಿಲ್ಲದಿರುವುದು ಒಬ್ಬರ ತರಗತಿಯೊಳಗೆ ಏನು ನಡೆಯುತ್ತದೆ ಅನ್ನುವುದು ಮಾತ್ರ.

ಹಿಂದೆ ಬಸ್ಸಿಗೆ ಕಾಯುತ್ತಿದ್ದ ನಮ್ಮ ಹಳೆಯ ಗುಂಪಿನ ಮೂವರು ಕಳೆದ ವರ್ಷ, ಅವರ ಜೊತೆ ಹೊಸದಾಗಿ ಕೆಲಸಕ್ಕೆ ಸೇರಿದ ಇಬ್ಬರು, ತಿಂಗಳಿಗೊಂದು ಭಾನುವಾರ ವಿಡಿಯೋ ಕರೆಯಲ್ಲಿ ಸೇರಲು ಶುರುಮಾಡಿದರು. ನನ್ನನ್ನೂ ಕರೆದರು. ಹಿರಿಯ ಮೇಡಂ ನಿವೃತ್ತರಾಗಿದ್ದಾರೆ, ಆದರೂ ಬರುತ್ತಾರೆ. ಗಡಿಯಾರ ನೋಡುವ ಕೆಲಸ ಅವರದು. ಹೋದ ತಿಂಗಳು ಹೊಸ ಮೇಷ್ಟ್ರು ಒಂದು ನೋಟ್‌ಬುಕ್ಕನ್ನು ಕ್ಯಾಮೆರಾಕ್ಕೆ ಹಿಡಿದು ತಮ್ಮ ತೊಡಕು ಹೇಳಿದರು. ಚರ್ಚೆ ಶುರುವಾಗಿ ನಾಲ್ಕು ನಿಮಿಷಕ್ಕೇ ತಡೆಯಲಾರದೆ ಮಾತಾಡಲು ಹೊರಟರು. "ಇನ್ನೂ ಹನ್ನೊಂದು ನಿಮಿಷ ಇದೆ, ಬರ್ಕೊಳಿ" ಅಂದರು ಮೇಡಂ. ಅವರು ಬರೆದುಕೊಳ್ಳತೊಡಗಿದರು. ಮುಂದಿನ ಭಾನುವಾರ ನನ್ನ ಸರದಿ. ಚೆನ್ನಾಗಿ ನಡೆದ ಪಾಠವೊಂದು ಕೈಯಲ್ಲಿದೆ, ಅದನ್ನು ಬದಿಗಿಟ್ಟು ಇನ್ನೊಂದನ್ನು ತೆಗೆದಿಟ್ಟುಕೊಂಡಿದ್ದೇನೆ.