ಬಾವಿ ನೀರು ಸಿಹಿ ಇದ್ದರೆ ಸಾಕಾ?

ನಾನೀಗ ಇರುವ ಸಿಂಗಾಪುರದಲ್ಲಿ ವರ್ಷಕ್ಕೆ ಸುಮಾರು 2,400 ಮಿಲಿಮೀಟರ್ ಮಳೆ. ನಮ್ಮ ಉಡುಪಿಯಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ. ಆದರೂ ಇಲ್ಲಿ ಸಿಂಗಾಪುರದಲ್ಲಿ ನಲ್ಲಿ ಒಣಗಿದ್ದನ್ನು ನಾನು ನೋಡಿಲ್ಲ. ಊರಲ್ಲಿ ಏಪ್ರಿಲ್ ಬಂತೆಂದರೆ ಉಡುಪಿಗೆ ನೀರು ಕೊಡುವ ಬಜೆ ಅಣೆಕಟ್ಟಿನಲ್ಲಿ ಎಷ್ಟು ನೀರು ಉಳಿದಿದೆ ಅನ್ನುವುದೇ ಸುದ್ದಿ. ಮಂಗಳೂರಿನವರಿಗೆ ತುಂಬೆ ಅಣೆಕಟ್ಟಿನ ಚಿಂತೆ. 2019ರ ಬೇಸಿಗೆಯಲ್ಲಿ ಎರಡೂ ಊರಿನವರು ಸರದಿ ಕಾದು ನೀರು ಹಿಡಿದರು.

ಈ ಹೋಲಿಕೆ ಎಲ್ಲರೂ ಮಾಡುತ್ತಾರೆ, ಬಿಡಿ. ನನಗೆ ತಟ್ಟಿದ್ದು ಬೇರೆ. ಇಲ್ಲಿ ಕಟ್ಟಡದ ಮೇಲಿನ ಟ್ಯಾಂಕನ್ನು ವರ್ಷಕ್ಕೊಮ್ಮೆ ತೊಳೆಸಿ, ಲೈಸೆನ್ಸ್ ಇರುವ ಪ್ಲಂಬರ್‌ನಿಂದ ತಪಾಸಣೆ ಮಾಡಿಸಲೇಬೇಕು. ಕಾನೂನೇ ಹಾಗಿದೆ. ಬಳಸಿದ ನೀರನ್ನೇ ಶುದ್ಧ ಮಾಡಿದ ‘ನ್ಯೂವಾಟರ್’ 2003ರಿಂದ ಇದೆ. ಹೆಚ್ಚಿನದು ಕಾರ್ಖಾನೆಗಳಿಗೆ ಹೋಗುತ್ತದೆ, ಮಳೆ ಕಡಿಮೆಯಾದಾಗ ಸ್ವಲ್ಪ ಕುಡಿಯುವ ನೀರಿನ ಜಲಾಶಯಕ್ಕೂ ಸೇರುತ್ತದೆ. ಅಮ್ಮ ಬಂದಿದ್ದಾಗ ಇದನ್ನು ಹೇಳಿದೆ. “ಥೂ, ಅದನ್ನು ಕುಡಿಯುವುದಾ?” ಅಂತ ಲೋಟ ಕೆಳಗಿಟ್ಟರು. ಅದು ಎಷ್ಟು ಪರೀಕ್ಷೆ ದಾಟಿ ಬರುತ್ತದೆ ಅಂತ ವಿವರಿಸಿದರೂ ಪ್ರಯೋಜನ ಆಗಲಿಲ್ಲ. ಅವರಿಗೆ ನಮ್ಮೂರು ಕಟಪಾಡಿಯ ಬಾವಿ ನೀರೇ ನೀರು.

ಆ ಬಾವಿಗೆ ಪರೀಕ್ಷೆ ಅಂತ ಯಾವತ್ತಾದರೂ ಆಗಿತ್ತಾ? ಬಾಯಿಗೆ ಹಾಕಿ ನೋಡುವುದೇ ನಮ್ಮ ಪರೀಕ್ಷೆ. ಮಳೆಗಾಲದಲ್ಲಿ ನೀರು ಕೆಂಪಾದರೆ ಬ್ಲೀಚಿಂಗ್ ಪುಡಿ, ಅಷ್ಟೇ. ಮೊದಲು ಒಂದೊಂದು ಹಿತ್ತಿಲೂ ದೊಡ್ಡದಿತ್ತು, ನಡೆಯುತ್ತಿತ್ತು. ಈಗ ಐದು ಸೆಂಟ್ಸ್ ಜಾಗದಲ್ಲಿ ಮನೆ, ಬಾವಿ, ಟಾಯ್ಲೆಟ್ ಗುಂಡಿ ಮೂರೂ ಆಗಬೇಕು. ನಮ್ಮ ಗುಂಡಿ ನಮ್ಮ ಬಾವಿಯಿಂದ ದೂರ ಇರಲಿ ಅಂತ ಮೂಲೆಗೆ ತಳ್ಳುತ್ತೇವೆ. ಆ ಮೂಲೆಯ ಆಚೆಯೇ ಪಕ್ಕದವರ ಬಾವಿ! ನಮ್ಮ ನೆಲದಡಿಯ ಮುರಕಲ್ಲಿನ (ಜಂಬಿಟ್ಟಿಗೆ) ಮೈತುಂಬ ತೂತು. ಕಾಂಪೌಂಡ್ ಗೋಡೆ ಮೇಲಿಂದ ಮಾತ್ರ, ಅಡಿಯಲ್ಲಿ ನೀರಿಗೆ ಗಡಿ ಇಲ್ಲ.

ಹಳ್ಳಿಯ ಮನೆಮನೆಗೆ ನಲ್ಲಿ ನೀರು ಕೊಡುವ ಕೇಂದ್ರದ ಯೋಜನೆ ಜಲಜೀವನ್ ಮಿಷನ್ ಬಂದ ಮೇಲೆ ಪ್ರತಿ ಹಳ್ಳಿಯಲ್ಲಿ ಐದು ಜನ ಹೆಂಗಸರಿಗೆ ನೀರು ಪರೀಕ್ಷೆಯ ತರಬೇತಿ ಕೊಡಬೇಕು ಅಂತಾಯಿತು. ನಮ್ಮ ಅತ್ತಿಗೆಯೂ ಕಲಿತರು. ಸಣ್ಣ ಬಾಟಲಿ, ಒಳಗೆ ಮೊದಲೇ ಹಾಕಿಟ್ಟ ಮದ್ದು. ಗೀಟಿನವರೆಗೆ ನೀರು ತುಂಬಿ, ಮುಚ್ಚಿ, ಒಂದೆರಡು ದಿನ ಬೆಚ್ಚಗೆ ಇಡುವುದು. ನೀರಿಗೆ ಮಲದ ಕೊಳಕು ಸೇರಿದ್ದರೆ ಕಪ್ಪಾಗುತ್ತದೆ, ಕೊಳೆತ ಮೊಟ್ಟೆಯ ವಾಸನೆ. ನಮ್ಮ ಬಾವಿಯದ್ದು ಕಪ್ಪಾಯಿತು. ಕುಡಿದರೆ ಈಗಲೂ ಸಿಹಿಯೇ.

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಸೇರಿ 1990ರಿಂದ ಲೋಕದ ನೀರು, ಶೌಚಾಲಯಗಳ ಲೆಕ್ಕ ಇಡುತ್ತಿವೆ. ಅವರ ಅಳತೆಯಲ್ಲಿ ‘ಸುರಕ್ಷಿತ’ ಅನ್ನಿಸಿಕೊಳ್ಳಲು ನೀರು ಮನೆಯಂಗಳದಲ್ಲಿ ಇರಬೇಕು, ಬೇಕಾದಾಗ ಸಿಗಬೇಕು, ಕೊಳಕು ಸೇರಿರಬಾರದು. ಮೊದಲ ಎರಡರಲ್ಲಿ ನಾವು ಪಾಸು. ಶೌಚಾಲಯದ್ದೂ ಹಾಗೆಯೇ. ಟೈಲ್ಸ್ ಹಾಕಿದ್ದೀರಾ ಅಂತ ಅಲ್ಲ, ಅಲ್ಲಿಂದ ಹೋದದ್ದು ಕೊನೆಗೆ ಏನಾಯಿತು ಅಂತ ಕೇಳುತ್ತಾರೆ. ಈ ಲೆಕ್ಕದಲ್ಲಿ 2024ಕ್ಕೂ ಸುರಕ್ಷಿತ ನೀರಿಲ್ಲದವರು 210 ಕೋಟಿ, ಸುರಕ್ಷಿತ ಶೌಚ ವ್ಯವಸ್ಥೆ ಇಲ್ಲದವರು 340 ಕೋಟಿ. ಇದನ್ನು ಓದಿದಾಗ ಎಲ್ಲೋ ದೂರದ ಬಡದೇಶ ಕಣ್ಣಿಗೆ ಬರುತ್ತದೆ ಅಲ್ವಾ? ಟೆರೇಸು ಮನೆ, ಎರಡು ಕಾರು ಇರುವ ನಮ್ಮ ಕೇರಿ ಬರುವುದಿಲ್ಲ.

ಹಾಗಂತ ಸಿಂಗಾಪುರದ ದಾರಿಯೇ ಸರಿ, ಬಾವಿ ಮುಚ್ಚಿ ನಲ್ಲಿ ಹಾಕಿಸಿ ಅಂತ ಹೇಳುತ್ತಿಲ್ಲ. ಇಷ್ಟೆಲ್ಲ ಮಾಡಿದರೂ ಇವರು 1962ರ ಒಪ್ಪಂದ ಹಿಡಿದುಕೊಂಡು ಮಲೇಷ್ಯಾದ ಜೊಹೋರ್‌ನಿಂದ ನೀರು ತರಿಸುತ್ತಾರೆ. ಅದು 2061ಕ್ಕೆ ಮುಗಿಯುತ್ತದೆ. ಬಜೆ ಬತ್ತಿದಾಗ ನಮಗೆ ಬಾವಿಯಾದರೂ ಇದೆ. ನಲ್ಲಿ ಬಂತು ಅಂತ ಬಾವಿಗೆ ಕಸ ಹಾಕುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಆದರೆ ನಲ್ಲಿ ನೀರು ಕೆಟ್ಟರೆ ಕೇಳಲು ಒಂದು ಕಚೇರಿ ಇದೆ, ಬಾವಿ ನೀರು ಕೆಟ್ಟರೆ ಯಾರೂ ಇಲ್ಲ.

ಅತ್ತಿಗೆ ಬಾಟಲಿ ಹಿಡಿದು ಪಕ್ಕದ ಮನೆಗೂ ಹೋದರು. “ಬೇಡ ಮಾರಾಯ್ರೆ, ಕಪ್ಪಾದರೆ ಮತ್ತೆ ಎಂತ ಮಾಡುವುದು?” ಅಂದರಂತೆ ಅಲ್ಲಿನ ಅಕ್ಕ. ನ್ಯಾಯವಾದ ಪ್ರಶ್ನೆಯೇ. ಕುದಿಸಿ ಕುಡಿಯಬಹುದು, ಕ್ಲೋರಿನ್ ಹಾಕಬಹುದು. ಆದರೆ ಕಟ್ಟಿ ಆದ ಗುಂಡಿಯನ್ನು ಒಬ್ಬರೇ ಎಲ್ಲಿಗೆ ಸರಿಸುವುದು? ಅದು ಪಂಚಾಯತ್ ಕೆಲಸ. ಮಳೆಗೆ ಮೊದಲು ಒಮ್ಮೆ, ಮಳೆ ಮುಗಿದ ಮೇಲೆ ಒಮ್ಮೆ ಮನೆಮನೆಯ ಬಾವಿಯನ್ನೂ ಪರೀಕ್ಷೆ ಮಾಡಿಸಲಿ. ಹೊಸ ಮನೆಗೆ ಲೈಸೆನ್ಸ್ ಕೊಡುವಾಗ ಟೇಪು ಹಿಡಿದು ಬಂದು, ಗುಂಡಿಯಿಂದ ಆ ಮನೆಯ ಬಾವಿಗೆ ಮಾತ್ರ ಅಲ್ಲ, ಪಕ್ಕದವರ ಬಾವಿಗೂ ಅಳೆಯಲಿ.